ಕಿಡ್ನಿ ಕಸಿಯ ನಂತರ ಸೋಂಕು: ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಷನ್ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಆಗುತ್ತದೆ. ಆಮೇಲಿನ ಬದುಕು ಮಾತ್ರ ಇಲ್ಲಿಯದೇ: ಇಲ್ಲಿಯ ನೀರು, ಇಲ್ಲಿಯ ಧೂಳು, ಇಲ್ಲಿಯ ಮದುವೆ ಊಟ. ಡಿಸ್ಚಾರ್ಜ್ ಚೀಟಿಯಲ್ಲಿ ‘ಸೋಂಕು ತಗಲದಂತೆ ಎಚ್ಚರ ವಹಿಸಿ’ ಎಂದು ಒಂದು ಸಾಲು ಇರುತ್ತದೆ. ಆ ಒಂದು ಸಾಲನ್ನೇ ಬಿಡಿಸಿ ಹೇಳಲು ಹೊರಟ ಪುಟ ಇದು. ಗುಳಿಗೆಯ ಪ್ರಮಾಣ, ಎಷ್ಟು ತಿಂಗಳು ಎಂಬುದೆಲ್ಲ ನಿಮ್ಮ ಕಸಿ ತಂಡ ಬರೆದುಕೊಟ್ಟಂತೆಯೇ ಇರಲಿ.

ಹೊಸ ಕಿಡ್ನಿ ಚೆನ್ನಾಗಿದೆ, ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಅಂಕಿ) 1.2 ಇದೆ. ಇನ್ನೂ ಯಾಕೆ ಇಷ್ಟು ಹೆದರಿಸುತ್ತಾರೆ?

ಕಿಡ್ನಿ ಚೆನ್ನಾಗಿರುವುದೇ ಮೈಯ ಕಾವಲುಗಾರರಿಗೆ ಮಂಪರು ಬರಿಸಿರುವುದರಿಂದ. ಬೇರೆಯವರ ಕಿಡ್ನಿಯನ್ನು ಮೈ ಪರಕೀಯವೆಂದು ಹೊಡೆದು ಹಾಕದಿರಲಿ ಎಂದು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಎಂಬ ಮೂರು ಔಷಧಿ ಕೊಡುತ್ತಾರೆ. ಟ್ಯಾಕ್ರೊಲಿಮಸ್ ಪರಕೀಯವನ್ನು ಹೊಡೆಯುವ ಟಿ ಕಣ ಎಂಬ ಬಿಳಿ ರಕ್ತಕಣಗಳಿಗೆ ಹೋಗುವ ಸಂದೇಶವನ್ನೇ ತಡೆಯುತ್ತದೆ. ಮೈಕೊಫಿನೊಲೇಟ್ ಲಿಂಫ್ ಕಣಗಳು ಹೆಚ್ಚಾಗಲು ಬಿಡುವುದಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಉರಿಯೂತವನ್ನು ಅದುಮುತ್ತದೆ.

ಕೊನೆಯ ಮಾತನ್ನು ಸ್ವಲ್ಪ ಗಮನಿಸಿ. ಜ್ವರ, ಕೆಂಪಾಗುವುದು, ಬಾವು, ಕೀವು ಇವೆಲ್ಲ ರೋಗಾಣು ಮಾಡುವ ಕೆಲಸವಲ್ಲ, ರೋಗಾಣುವಿನ ಜೊತೆ ಮೈ ಜಗಳವಾಡುವಾಗ ಆಗುವ ಗದ್ದಲ. ಜಗಳವೇ ಮೆತ್ತಗಾದರೆ ಗದ್ದಲವೂ ಮೆತ್ತಗಾಗುತ್ತದೆ. ಹಾಗಾಗಿ ಬೇರೆಯವರಿಗೆ 103 ಡಿಗ್ರಿ ಬರುವ ಜಾಗದಲ್ಲಿ ನಿಮಗೆ 100 ಬರಬಹುದು. ಒಳಗೆ ನ್ಯುಮೋನಿಯಾ ಇದ್ದರೂ ಹೊರಗೆ ಬರೀ ಸುಸ್ತು ಕಾಣಬಹುದು.

ಈ ಎಚ್ಚರ ಎಷ್ಟು ದಿನ?

ಕಿಡ್ನಿ ಇರುವವರೆಗೂ. ಆದರೆ ಎಲ್ಲ ದಿನವೂ ಒಂದೇ ಥರದ ಅಪಾಯ ಇರುವುದಿಲ್ಲ. ಮೊದಲ ತಿಂಗಳು ಆಪರೇಷನ್‌ಗೆ ಸಂಬಂಧಿಸಿದ್ದು: ಗಾಯದ ನಂಜು, ಮೂತ್ರದ ಸೋಂಕು, ಕುತ್ತಿಗೆಯಲ್ಲಿ ಹಾಕಿದ್ದ ಕ್ಯಾತಿಟರ್ ನಳಿಕೆಯ ಸೋಂಕು, ಆಸ್ಪತ್ರೆಯಲ್ಲೇ ಅಂಟಿದ ನ್ಯುಮೋನಿಯಾ. 1ರಿಂದ 6 ತಿಂಗಳು ಔಷಧಿಯ ಹೊಡೆತ ಜೋರಾಗಿರುವ ಕಾಲ. ಸಾಮಾನ್ಯ ಜನರಿಗೆ ಅಷ್ಟಾಗಿ ತೊಂದರೆ ಕೊಡದ ಸಿಎಂವಿ, ಬಿಕೆ ಎಂಬ ಎರಡು ವೈರಸ್, ಶ್ವಾಸಕೋಶಕ್ಕೆ ಬರುವ ನ್ಯುಮೋಸಿಸ್ಟಿಸ್, ಫಂಗಸ್, ಜೊತೆಗೆ ಕ್ಷಯ ತಲೆ ಎತ್ತುವುದು ಹೆಚ್ಚಾಗಿ ಆಗಲೇ. 6 ತಿಂಗಳ ನಂತರ ಬಹುಪಾಲು ಊರವರಿಗೆಲ್ಲ ಬರುವ ಕಾಯಿಲೆಗಳೇ ನಿಮಗೂ ಬರುತ್ತವೆ, ಬಂದರೆ ಜೋರಾಗಿ ಬರುತ್ತವೆ. ಕ್ಷಯ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ವರ್ಷಗಳ ನಂತರವೂ ಬರಬಹುದು. ನಡುವೆ ಎಂದಾದರೂ ರಿಜೆಕ್ಷನ್ (ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸುವುದು) ಆಗಿ ಜೋರು ಸ್ಟಿರಾಯ್ಡ್ ಅಥವಾ ನಿರೋಧಕ ಕಣಗಳನ್ನು ತಗ್ಗಿಸುವ ಎಟಿಜಿ ಇಂಜೆಕ್ಷನ್ ಕೊಟ್ಟರೆ ಗಡಿಯಾರ ಮತ್ತೆ ಒಂದನೇ ತಿಂಗಳಿಗೆ ಬಂತು ಅಂದುಕೊಳ್ಳಿ.

ಎಷ್ಟು ಇದ್ದರೆ ಜ್ವರ? ಹಣೆ ಮುಟ್ಟಿ ನೋಡಿದರೆ ಸಾಲದೇ?

ಸಾಲದು. ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ, ಮನೆಯವರದ್ದು ಬೇರೆ, ನಿಮ್ಮದು ಬೇರೆ. ನಾಲಿಗೆಯ ಕೆಳಗೆ, ಬಾಯಿ ಮುಚ್ಚಿ, ಬೀಪ್ ಬರುವವರೆಗೆ. ಕಾಫಿ, ಟೀ ಅಥವಾ ತಣ್ಣೀರು ಕುಡಿದಿದ್ದರೆ 15 ನಿಮಿಷ ಕಾಯಬೇಕು. ಕಂಕುಳಲ್ಲಿ ಇಟ್ಟರೆ ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ.

100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಮುಟ್ಟಿದರೆ ಅದೇ ದಿನ ಫೋನ್. ಎಷ್ಟೋ ಕಸಿ ಕೇಂದ್ರಗಳು 100ಕ್ಕೇ ಫೋನ್ ಮಾಡಿ ಅನ್ನುತ್ತವೆ. ನಿಮ್ಮ ಕೇಂದ್ರ ಹೇಳಿದ ಅಂಕಿಯನ್ನು ಗೋಡೆಯ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಮೊದಲ 3 ತಿಂಗಳು ಬೆಳಿಗ್ಗೆ, ಸಂಜೆ ಎರಡು ಹೊತ್ತು ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲೇ ತೂಕ, ಬಿಪಿ, 24 ಗಂಟೆಯ ಮೂತ್ರದ ಲೆಕ್ಕ. ದಿನಾ 97.6 ಇರುತ್ತಿದ್ದವರಿಗೆ ಮೂರು ಸಂಜೆಯಿಂದ 99.4 ಬರುತ್ತಿದ್ದರೆ ಅದು ಜ್ವರದ ಗೆರೆ ದಾಟಿಲ್ಲ, ಆದರೆ ಏನೋ ಶುರುವಾಗಿದೆ. ನೋಟ್‌ಬುಕ್ ಇಲ್ಲದಿದ್ದರೆ ಅದು ಕಾಣುವುದೇ ಇಲ್ಲ.

ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ? ಬೆಂಗಳೂರು 260 ಕಿಲೋಮೀಟರ್ ದೂರ.

ಮೊದಲು ಫೋನ್, ಆಮೇಲೆ ಗುಳಿಗೆ. ಈ ಕ್ರಮ ತಪ್ಪುವುದರಿಂದಲೇ ಹೆಚ್ಚಿನ ಅನಾಹುತ. ಜ್ವರ ಬಂದ ಕೂಡಲೇ ಪ್ಯಾರಸಿಟಮಾಲ್ ನುಂಗಿ, ಬೆವರಿ, ‘ಕಡಿಮೆ ಆಯ್ತು’ ಎಂದು ಮಲಗಿದರೆ ಎರಡು ದಿನ ಹೋಗಿರುತ್ತದೆ. ಪ್ಯಾರಸಿಟಮಾಲ್ ಕಿಡ್ನಿಗೆ ವಿಷವೇನಲ್ಲ, ಅಳೆದು, ಬರೆದು, ಫೋನ್ ಮಾಡಿದ ಮೇಲೆ ತೆಗೆದುಕೊಳ್ಳಬಹುದು. ಅದು ಜ್ವರವನ್ನು ಇಳಿಸುತ್ತದೆ, ಸೋಂಕನ್ನಲ್ಲ.

ಕಸಿ ಕೋಆರ್ಡಿನೇಟರ್ ನಂಬರಿಗೆ ಕರೆ ಮಾಡಿ. ಜ್ವರ ಎಷ್ಟು, ಎಂದಿನಿಂದ, ಮೂತ್ರ ಎಷ್ಟು, ಬಿಪಿ ಎಷ್ಟು, ಕೊನೆಯ ಕ್ರಿಯಾಟಿನಿನ್ ಮತ್ತು ಟ್ಯಾಕ್ರೊಲಿಮಸ್ ಮಟ್ಟ ಎಷ್ಟು ಎಂದು ಹೇಳಿ. ಚಳಿ ನಡುಕ, ಉಸಿರಾಟಕ್ಕೆ ಕಷ್ಟ, ಬಿಪಿ 90ಕ್ಕಿಂತ ಕೆಳಗೆ, ಗಲಿಬಿಲಿ ಮಾತು, ಮೂತ್ರ ನಿಂತಿರುವುದು ಇವುಗಳಲ್ಲಿ ಒಂದಿದ್ದರೂ ರಾತ್ರೋರಾತ್ರಿ ಕಾರು ಮಾಡಿಕೊಂಡು ಬೆಂಗಳೂರಿಗೆ ಹೊರಡಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಐಸಿಯು ಇರುವ ಆಸ್ಪತ್ರೆಗೆ ಹೋಗಿ. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ರಕ್ತದ ಕಲ್ಚರ್ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ತೆಗೆದು ಮೊದಲ ಡೋಸ್ ಆ್ಯಂಟಿಬಯೋಟಿಕ್ ಹಾಕುವ ಕೆಲಸ ಇಲ್ಲೇ ಆಗುತ್ತದೆ, ಆಗಬೇಕು. ಹೆದ್ದಾರಿಯ ಮೇಲೆ ಕಳೆಯುವ ಐದು ಗಂಟೆಯಲ್ಲಿ ಸೆಪ್ಸಿಸ್, ಅಂದರೆ ಮೈಯೆಲ್ಲ ಕೆಡಿಸುವ ಸೋಂಕು, ಕಾಯುವುದಿಲ್ಲ.

ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಅದರಲ್ಲಿ ಇಷ್ಟು ಇದ್ದರೆ ಸಾಕು: ‘ನನಗೆ ಕಿಡ್ನಿ ಕಸಿ ಆಗಿದೆ, ಇಂಥ ದಿನ. ತೆಗೆದುಕೊಳ್ಳುವ ಔಷಧಿ ಇವು. ಡೈಕ್ಲೊಫಿನಾಕ್, ಜೆಂಟಾಮೈಸಿನ್, ಅಮಿಕಾಸಿನ್ ಕೊಡುವ ಮುನ್ನ ಈ ನಂಬರಿಗೆ ಕರೆ ಮಾಡಿ. ಸ್ಟಿರಾಯ್ಡ್ ಏಕಾಏಕಿ ನಿಲ್ಲಿಸಬೇಡಿ.’

ಜ್ವರ ಇಲ್ಲದೆಯೂ ಸೋಂಕು ಇರಬಹುದಾ?

ಧಾರಾಳವಾಗಿ. ಎರಡು ವಾರ ದಾಟಿದ ಕೆಮ್ಮು, ಮೆಟ್ಟಿಲು ಹತ್ತುವಾಗ ಹೊಸದಾಗಿ ಬಂದ ಏದುಸಿರು, ಊಟ ಸೇರದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬಾಯೊಳಗೆ ಮೊಸರು ಅಂಟಿದಂತೆ ಬಿಳಿ ಪದರ, ನುಂಗುವಾಗ ಎದೆಯಲ್ಲಿ ಚುಚ್ಚು, ಬಿಡದ ತಲೆನೋವು, ವಾಸಿಯಾಗದ ಹುಣ್ಣು, ಮೂಗಿನ ಪಕ್ಕ ಬಾವು ಅಥವಾ ಮೂಗಿನಿಂದ ಕಪ್ಪು ಸಿಂಬಳ. ಕೊನೆಯದು ಕಪ್ಪು ಫಂಗಸ್ ಇರಬಹುದು, ಅದರಲ್ಲೂ ಕಸಿಯ ನಂತರ ಸಕ್ಕರೆ ಕಾಯಿಲೆ ಬಂದವರಲ್ಲಿ. ಅದಕ್ಕೆ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಮೂತ್ರದ ಸೋಂಕು ಯಾಕೆ ಪದೇ ಪದೇ ಬರುತ್ತದೆ? ಉರಿ ಇಲ್ಲದಿದ್ದರೂ ಸೋಂಕು ಅನ್ನುತ್ತಾರಲ್ಲ?

ಹೊಸ ಕಿಡ್ನಿಯನ್ನು ಬೆನ್ನಿನ ಕಡೆ ಇಡುವುದಿಲ್ಲ, ಹೊಟ್ಟೆಯ ಕೆಳಭಾಗದಲ್ಲಿ, ಸಾಮಾನ್ಯವಾಗಿ ಬಲಕ್ಕೆ, ಇಡುತ್ತಾರೆ. ಅದರ ಮೂತ್ರನಾಳ ಗಿಡ್ಡ, ಮೂತ್ರಕೋಶಕ್ಕೆ ಹೊಸದಾಗಿ ಹೊಲಿದದ್ದು. ಮೂತ್ರ ಮೇಲಕ್ಕೆ ವಾಪಸ್ ಹೋಗುವುದನ್ನು ತಡೆಯುವ ಸಹಜ ಕವಾಟ ಅಲ್ಲಿರುವುದಿಲ್ಲ. ಸಾಲದ್ದಕ್ಕೆ ಒಳಗೆ ಡಿಜೆ ಸ್ಟೆಂಟ್ ಎಂಬ ಪ್ಲಾಸ್ಟಿಕ್ ನಳಿಕೆ. ರೋಗಾಣುಗಳಿಗೆ ಅದು ಏಣಿ. ಸಾಮಾನ್ಯವಾಗಿ 4ರಿಂದ 6 ವಾರದೊಳಗೆ ಅದನ್ನು ತೆಗೆಯುತ್ತಾರೆ. ತೆಗೆಸುವ ದಿನವನ್ನು ಆಸ್ಪತ್ರೆಯವರು ನೆನಪಿಸಲಿ ಎಂದು ಕಾಯದೆ ನೀವೇ ಕೇಳಿ. ಮರೆತುಹೋದ ಸ್ಟೆಂಟ್ ಒಳಗೇ ಕಲ್ಲು ಕಟ್ಟುತ್ತದೆ.

ಕಿಡ್ನಿ ಇಟ್ಟ ಜಾಗದಲ್ಲಿ ಮುಟ್ಟಿದರೆ ನೋವು, ಮೂತ್ರ ಮಬ್ಬಾಗುವುದು, ಕೆಟ್ಟ ವಾಸನೆ, ಚಳಿ ಬಿಟ್ಟು ಜ್ವರ ಇವು ಗುರುತು. ಉರಿಗಾಗಿ ಕಾಯಬೇಡಿ. ನೀರು ಸಾಮಾನ್ಯವಾಗಿ ದಿನಕ್ಕೆ 2.5ರಿಂದ 3 ಲೀಟರ್, ನಿಮಗೆ ಬೇರೆ ಮಿತಿ ಹೇಳಿದ್ದರೆ ಅದರಂತೆ. ಬಸ್ಸಿನಲ್ಲಿ ಶೌಚಾಲಯ ಸಿಗುವುದಿಲ್ಲ ಎಂದು ಹೆಣ್ಣುಮಕ್ಕಳು ನೀರೇ ಕುಡಿಯದೆ ಬೆಂಗಳೂರಿನವರೆಗೆ ಹೋಗುತ್ತಾರೆ, ಬರುತ್ತಾರೆ. ಚೆಕಪ್ಪಿಗೆ ಹೋಗುವ ಪ್ರಯಾಣವೇ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ರೈಲು ಮೇಲು.

ಮೂತ್ರದ ಕಲ್ಚರ್ ಕೊಡುವ ರೀತಿ ಸರಿಯಿಲ್ಲದಿದ್ದರೆ ವರದಿ ಸುಳ್ಳು ಹೇಳುತ್ತದೆ. ಕೈ ತೊಳೆದು, ಮೂತ್ರದ್ವಾರವನ್ನು ಬರೀ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆದು ಒರೆಸಿಕೊಳ್ಳಿ. ಮೊದಲ ಸ್ವಲ್ಪ ಮೂತ್ರ ಬಿಟ್ಟುಬಿಡಿ, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಒಳಗೆ ಬೆರಳು ತಾಗಬಾರದು. 2 ಗಂಟೆಯೊಳಗೆ ಲ್ಯಾಬಿಗೆ. ಆಗದಿದ್ದರೆ ಫ್ರಿಜ್ಜಿನಲ್ಲಿ ಇಡಿ. ಮನೆಯ ಹಳೆಯ ಜ್ಯಾಮ್ ಬಾಟಲಿ ಬೇಡ. ಇದೆಲ್ಲ ಆ್ಯಂಟಿಬಯೋಟಿಕ್ ಶುರು ಮಾಡುವ ಮುನ್ನ ಆಗಬೇಕು.

ಒಂದು ಮಾತು: ಮೊದಲ ಎರಡು ತಿಂಗಳು ಕಳೆದ ಮೇಲೆ, ಯಾವ ತೊಂದರೆಯೂ ಇಲ್ಲದೆ ಕಲ್ಚರಿನಲ್ಲಿ ಬರೀ ರೋಗಾಣು ಬೆಳೆದಿದೆ ಎಂದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ. ಕಾಗದಕ್ಕೆ ಔಷಧಿ ಕೊಡುತ್ತಾ ಹೋದರೆ ಮುಂದೆ ನಿಜವಾದ ಸೋಂಕು ಬಂದಾಗ ಯಾವ ಗುಳಿಗೆಯೂ ನಾಟುವುದಿಲ್ಲ.

ಸಿಎಂವಿ, ಬಿಕೆ ಎಂದು ಸಾವಿರಾರು ರೂಪಾಯಿಯ ಪಿಸಿಆರ್ ರಕ್ತ ಪರೀಕ್ಷೆ ಬರೆಯುತ್ತಾರೆ. ಬೇಕೇ ಬೇಕಾ?

ಬೇಕು. ಅದರಲ್ಲೂ ಬಿಕೆ ವೈರಸ್ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಜ್ವರ ಇಲ್ಲ, ನೋವಿಲ್ಲ. ಕ್ರಿಯಾಟಿನಿನ್ ಏರಿದಾಗಲೇ ಗೊತ್ತಾದರೆ ಅಷ್ಟರಲ್ಲಿ ಕಿಡ್ನಿಗೆ ಗಾಯವಾಗಿರುತ್ತದೆ. ಅದಕ್ಕೇ ಮೊದಲ 9 ತಿಂಗಳು ತಿಂಗಳಿಗೊಮ್ಮೆ, ಆಮೇಲೆ 2 ವರ್ಷದವರೆಗೆ 3 ತಿಂಗಳಿಗೊಮ್ಮೆ ರಕ್ತ ನೋಡುವುದು ಈಗಿನ ಪದ್ಧತಿ. ಅದನ್ನು ಕೊಲ್ಲುವ ನಂಬಿಕಸ್ತ ಔಷಧಿಯೂ ಇಲ್ಲ. ರೋಗನಿರೋಧಕ ತಗ್ಗಿಸುವ ಗುಳಿಗೆಗಳನ್ನು ಡಾಕ್ಟರು ಹಂತ ಹಂತವಾಗಿ ಕಡಿಮೆ ಮಾಡುವುದೇ ಚಿಕಿತ್ಸೆ. ಬೇಗ ಸಿಕ್ಕರೆ ಮಾತ್ರ ಅದು ನಡೆಯುತ್ತದೆ.

ಸಿಎಂವಿ ಹಾಗಲ್ಲ. ಸಣ್ಣ ಜ್ವರ, ಮೈಕೈ ನೋವು, ಭೇದಿ, ಬಿಳಿ ರಕ್ತಕಣ ಇಳಿಯುವುದು ಇವು ಕಾಣುತ್ತವೆ. ಇದಕ್ಕೆ ವಾಲ್‌ಗ್ಯಾನ್ಸಿಕ್ಲೋವಿರ್ ಇದೆ, ತಡೆಗಾಗಿ 3ರಿಂದ 6 ತಿಂಗಳು ಕೊಡುತ್ತಾರೆ. ದುಬಾರಿ ಗುಳಿಗೆ. ದುಡ್ಡಿನ ಕಾರಣಕ್ಕೆ ದಿನ ಬಿಟ್ಟು ದಿನ ನುಂಗುವವರಿದ್ದಾರೆ. ಅರ್ಧಂಬರ್ಧ ಡೋಸಿನಲ್ಲಿ ವೈರಸ್ ಔಷಧಿಗೆ ಬಗ್ಗದಂತಾಗುತ್ತದೆ. ಕಷ್ಟವಿದ್ದರೆ ಹೇಳಿ. ಗುಳಿಗೆಯ ಬದಲು ಆಗಾಗ ಪಿಸಿಆರ್ ಮಾಡುತ್ತಾ ಕಾಯುವ ದಾರಿಯೂ ಕೆಲವರಿಗೆ ಆಗಿಬರುತ್ತದೆ.

ಸೆಪ್ಟ್ರಾನ್ ಅಗ್ಗದ ಗುಳಿಗೆ. ಸೋಂಕೇ ಇಲ್ಲದಿದ್ದರೂ ದಿನಾ ಯಾಕೆ?

ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕನ್ನು ತಡೆಯಲು. ಜೊತೆಗೆ ಮೂತ್ರದ ಸೋಂಕು, ಮಣ್ಣಿನಿಂದ ಬರುವ ನೊಕಾರ್ಡಿಯಾ, ಟಾಕ್ಸೊಪ್ಲಾಸ್ಮಾ ಇವಕ್ಕೂ ಒಂದಿಷ್ಟು ತಡೆ. ಸಾಮಾನ್ಯವಾಗಿ 6 ತಿಂಗಳು, ಕೆಲವು ಕಡೆ 1 ವರ್ಷ. ಇಷ್ಟು ಕಡಿಮೆ ಬೆಲೆಗೆ ಇಷ್ಟು ಕೆಲಸ ಮಾಡುವ ಗುಳಿಗೆ ನಿಮ್ಮ ಡಬ್ಬಿಯಲ್ಲಿ ಇನ್ನೊಂದಿಲ್ಲ. ಪೊಟ್ಯಾಸಿಯಂ ಏರಿಸಬಹುದು, ಆದ್ದರಿಂದ ಎಳನೀರು, ಬಾಳೆಹಣ್ಣಿನ ಮಿತಿ ಕೇಳಿಕೊಳ್ಳಿ. ಸಲ್ಫಾ ಅಲರ್ಜಿ ಇದ್ದವರಿಗೆ ಬೇರೆ ಔಷಧಿ ಇದೆ.

ನೆಗಡಿ, ಕೆಮ್ಮಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಂಡರೆ ಏನಾಗುತ್ತದೆ?

ಟ್ಯಾಕ್ರೊಲಿಮಸ್ ಮಟ್ಟ ಹೆಚ್ಚಾದರೆ ಕಿಡ್ನಿಗೆ ವಿಷ, ಕಡಿಮೆಯಾದರೆ ರಿಜೆಕ್ಷನ್. ಆ ನಡುವಿನ ಗೆರೆ ಬಹಳ ಕಿರಿದು. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್, ಫ್ಲುಕೊನಜೋಲ್, ಇಟ್ರಾಕೊನಜೋಲ್ ಇವು ಮಟ್ಟವನ್ನು ಏರಿಸುತ್ತವೆ. ಇಟ್ರಾಕೊನಜೋಲ್ ಅನ್ನು ಗಜಕರ್ಣಕ್ಕೆ ಕೌಂಟರಿನಲ್ಲೇ ಕೊಟ್ಟುಬಿಡುತ್ತಾರೆ, ಹುಷಾರು. ರಿಫಾಂಪಿಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್ ಇಳಿಸುತ್ತವೆ. ನೋವಿಗೆ ಕೊಡುವ ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್, ಐಬುಪ್ರೊಫೆನ್, ನಿಮೆಸುಲೈಡ್ ನೇರವಾಗಿ ಕಿಡ್ನಿಗೆ ಪೆಟ್ಟು. ಕೆಮ್ಮಿಗೆ ಎಂದು ಲಿವೊಫ್ಲಾಕ್ಸಸಿನ್ ನುಂಗಿದರೆ ಇನ್ನೊಂದು ಪೇಚು: ಅದು ಕ್ಷಯವನ್ನು ಅರೆಬರೆ ಅದುಮಿ, ಕಫ ಪರೀಕ್ಷೆಯಲ್ಲಿ ಸಿಗದಂತೆ ಮಾಡಿ, ಗುರುತಿಸುವುದನ್ನು ವಾರಗಟ್ಟಲೆ ತಡಮಾಡುತ್ತದೆ.

ಹಣ್ಣಿನಲ್ಲಿ ಚಕ್ಕೋತ, ಗ್ರೇಪ್‌ಫ್ರೂಟ್ ಬೇಡ. ಇವೂ ಮಟ್ಟ ಏರಿಸುತ್ತವೆ.

ಕಷಾಯ, ಅಮೃತಬಳ್ಳಿ ಕುಡಿದರೆ ನಿರೋಧಕ ಶಕ್ತಿ ಹೆಚ್ಚುತ್ತದಲ್ಲ?

ಹೆಚ್ಚಿದರೆ ಅದು ಮೊದಲು ಹೊಡೆಯುವುದು ಯಾರನ್ನು? ಹೊಸ ಕಿಡ್ನಿಯನ್ನೇ. ದಿನಾ ದುಡ್ಡು ಕೊಟ್ಟು ತಗ್ಗಿಸುತ್ತಿರುವುದನ್ನು ಹಿತ್ತಲ ಬಳ್ಳಿಯಿಂದ ಏರಿಸುವುದು ಎಂಥ ಲೆಕ್ಕ? ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳೂ ನಮ್ಮ ದೇಶದಲ್ಲೇ ದಾಖಲಾಗಿವೆ. ಭಸ್ಮ, ನಾಟಿ ಪುಡಿ, ‘ಇಮ್ಯೂನಿಟಿ ಬೂಸ್ಟರ್’ ಡಬ್ಬಿ ಎಲ್ಲಕ್ಕೂ ಇದೇ ಉತ್ತರ. ಅಡುಗೆಗೆ ಹಾಕುವಷ್ಟು ಶುಂಠಿ, ಮೆಣಸು, ಅರಿಶಿನಕ್ಕೆ ಅಡ್ಡಿಯಿಲ್ಲ.

ಯಾವ ನೀರು ಕುಡಿಯಬೇಕು? ನಮ್ಮದು ಶುದ್ಧ ಕುಡಿಯುವ ನೀರಿನ ಘಟಕದ ನೀರು.

ಘಟಕದ ಯಂತ್ರದಿಂದ ಹೊರಬರುವಾಗ ನೀರು ಚೆನ್ನಾಗಿಯೇ ಇರಬಹುದು. ಕೆಡುವುದು ಆಮೇಲೆ. ಕ್ಯಾನಿನ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ, ಜಾರುತ್ತದೆ. ಅದು ರೋಗಾಣುಗಳ ಪದರ. ಕುತ್ತಿಗೆ ಕಿರಿದಾದ್ದರಿಂದ ಕೈ ಒಳಗೆ ಹೋಗುವುದಿಲ್ಲ, ತಿಂಗಳುಗಟ್ಟಲೆ ತೊಳೆಯುವುದೂ ಇಲ್ಲ. ಆರ್‌ಒ ಯಂತ್ರ ಬೋರ್‌ವೆಲ್ಲಿನ ಗಡಸು, ಫ್ಲೋರೈಡ್ ತೆಗೆಯುತ್ತದೆ, ಅದು ಈ ಭಾಗಕ್ಕೆ ಬೇಕಾದದ್ದೇ. ಆದರೆ ಕ್ಲೋರಿನ್ ಕೂಡ ಹೋಗಿರುವುದರಿಂದ ಆಮೇಲೆ ಸೇರಿದ ರೋಗಾಣುವಿಗೆ ತಡೆಯೇ ಇರುವುದಿಲ್ಲ.

ಹಾಗಾಗಿ ಘಟಕದ್ದಾಗಲಿ, ಶಾಂತಿಸಾಗರದ ನಲ್ಲಿ ನೀರಾಗಲಿ, ಕುಂದವಾಡ ಕೆರೆಯದ್ದಾಗಲಿ, ಕುದಿಸಿ. ಬುಳಬುಳ ಕುದಿ ಬಂದ ಮೇಲೆ ಪೂರ್ತಿ 1 ನಿಮಿಷ. ಬರೀ ‘ಬಿಸಿ ಮಾಡಿದ’ ನೀರು ಲೆಕ್ಕಕ್ಕಿಲ್ಲ. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ, ನಲ್ಲಿ ಇರುವ ಸ್ಟೀಲ್ ಡ್ರಮ್ಮಿಗೆ ಹಾಕಿ, 24 ಗಂಟೆಯೊಳಗೆ ಮುಗಿಸಿ. ಲೋಟ ಅದ್ದಿ ತೆಗೆಯುವ ಪಾತ್ರೆ ಬೇಡ. ಬಾಯಿ ಮುಕ್ಕಳಿಸಲೂ ಅದೇ ನೀರು.

ಬೆಣ್ಣೆ ದೋಸೆ ಬಿಡಬೇಕಾ?

ಕಾವಲಿಯಿಂದ ನೇರ ತಟ್ಟೆಗೆ ಬಂದ, ಕೈ ಸುಡುವ ದೋಸೆಯಲ್ಲಿ ರೋಗಾಣು ಬದುಕುವುದಿಲ್ಲ. ತಪ್ಪಿತಸ್ಥ ದೋಸೆಯಲ್ಲ, ಪಕ್ಕದ ಚಟ್ನಿ. ಹಸಿ ಕಾಯಿ, ಹಸಿ ಮೆಣಸಿನಕಾಯಿ, ಕುದಿಸದ ನೀರು ಹಾಕಿ ಬೆಳಿಗ್ಗೆ ಆರಕ್ಕೆ ರುಬ್ಬಿದ ಚಟ್ನಿ ಹನ್ನೊಂದರವರೆಗೆ ಬಕೆಟ್ಟಿನಲ್ಲಿ ಇರುತ್ತದೆ, ನಡುವೆ ತೆಳ್ಳಗಾಗಲಿ ಎಂದು ಮತ್ತೆ ನೀರು ಬೀಳುತ್ತದೆ. ಆಲೂಗೆಡ್ಡೆ ಪಲ್ಯವೂ ಬೆಚ್ಚಗೆ ಮಾತ್ರ ಇರುತ್ತದೆ, ಬಿಸಿ ಅಲ್ಲ. ಮೇಲೆ ಇಡುವ ಬೆಣ್ಣೆ ಹಸಿ ಹಾಲಿನದ್ದಾಗಿದ್ದರೆ ಅದೂ ಬೇಡ. ಮೊದಲ 6 ತಿಂಗಳು ಹೋಟೆಲ್ ಪೂರ್ತಿ ಬಿಡಿ. ಆಮೇಲೆ ಹೋದರೆ ಬಿಸಿ ದೋಸೆ ತಿನ್ನಿ, ಚಟ್ನಿ ಮುಟ್ಟಬೇಡಿ. ಕೊಲೆಸ್ಟರಾಲ್ ಲೆಕ್ಕ ಬೇರೆ ಇದೆ, ಅದನ್ನು ಡಾಕ್ಟರ್ ಹತ್ತಿರ ಇತ್ಯರ್ಥ ಮಾಡಿಕೊಳ್ಳಿ.

ಮಂಡಕ್ಕಿಯದ್ದೂ ಇದೇ ಕತೆ. ಭಟ್ಟಿಯ ಬಿಸಿ ಮರಳಿನಲ್ಲಿ ಹುರಿದ ಮಂಡಕ್ಕಿ ಒಣಗಿದ್ದು, ನಿರಪಾಯ. ಅದಕ್ಕೆ ಹಸಿ ಈರುಳ್ಳಿ, ಕೊತ್ತಂಬರಿ ಬೆರೆಸಿ ಬರಿಗೈಯಲ್ಲಿ ಕಲಸುವಾಗ ತೊಂದರೆ ಶುರು. ಮನೆಯಲ್ಲೇ ಒಗ್ಗರಣೆ ಮಂಡಕ್ಕಿ ಮಾಡಿಕೊಳ್ಳಿ. ಎಣ್ಣೆಯಿಂದ ಆಗಷ್ಟೇ ತೆಗೆದ ಮೆಣಸಿನಕಾಯಿಗೆ ಸೋಂಕಿನ ದೃಷ್ಟಿಯಿಂದ ತಕರಾರಿಲ್ಲ.

ಬೇಡವೇ ಬೇಡ ಅನ್ನುವವು: ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಕಬ್ಬಿನ ಹಾಲು, ಪಾನಿಪೂರಿ, ಜಾತ್ರೆಯಲ್ಲಿ ಹಂಚುವ ಪಾನಕ, ಮಜ್ಜಿಗೆ, ಮದುವೆಮನೆಯ ಕೋಸಂಬರಿ. ‘ಪ್ರಸಾದ, ಏನೂ ಆಗಲ್ಲ’ ಎಂದು ಒತ್ತಾಯಿಸುವ ದೊಡ್ಡಮ್ಮನಿಗೆ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟುಬಿಟ್ಟರೆ ಬೇಸರವಾಗುವುದಿಲ್ಲ.

ಹಾಲು, ಮೊಸರು, ಮಾಂಸ?

ಹಾಲು ಉಕ್ಕಿಸಿ ಕಾಯಿಸಿದ್ದು ಮಾತ್ರ. ಗಿಣ್ಣು ಚೆನ್ನಾಗಿ ಬೆಂದಿರಬೇಕು. ಕುರಿ, ಮೇಕೆ, ಹಸುವಿನ ಹಸಿ ಹಾಲಿನಿಂದ ಬ್ರುಸೆಲ್ಲಾ ಬರುತ್ತದೆ: ವಾರಗಟ್ಟಲೆ ಬಂದು ಹೋಗುವ ಜ್ವರ, ಸೊಂಟ ನೋವು. ಮೊಸರು ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ್ದು, ಅಂದಿನದ್ದು. ಮೊಟ್ಟೆಯ ಹಳದಿ ಗಟ್ಟಿಯಾಗಿರಬೇಕು, ಮಾಂಸದ ಮೂಳೆ ಪಕ್ಕ ಕೆಂಪು ಉಳಿದಿರಬಾರದು. ಮಾಡಿದ ಅಡುಗೆ 2 ಗಂಟೆಗಿಂತ ಹೆಚ್ಚು ಹೊರಗಿರಬಾರದು. ಏಪ್ರಿಲ್, ಮೇ ಬಿಸಿಲಿನಲ್ಲಿ ಒಂದೇ ಗಂಟೆ.

ಭೇದಿ ಶುರುವಾದರೆ?

ಇದು ಬರೀ ಹೊಟ್ಟೆಯ ವಿಷಯವಲ್ಲ. ಭೇದಿಯಲ್ಲಿ ಕರುಳಿನ ಗೋಡೆ ಸವೆದು ಟ್ಯಾಕ್ರೊಲಿಮಸ್ ಹೆಚ್ಚು ಹೆಚ್ಚು ರಕ್ತಕ್ಕೆ ಸೇರುತ್ತದೆ. ಅತ್ತ ನೀರು ಹೋಗಿ ಕಿಡ್ನಿ ಒಣಗುತ್ತದೆ. ಎರಡೂ ಸೇರಿ ಎರಡು ದಿನದಲ್ಲಿ ಕ್ರಿಯಾಟಿನಿನ್ ಹಾರುತ್ತದೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ನೀರಾಗಿ ಹೋದರೆ ಫೋನ್ ಮಾಡಿ, ಕ್ರಿಯಾಟಿನಿನ್ ಮತ್ತು ಟ್ಯಾಕ್ರೊಲಿಮಸ್ ಮಟ್ಟ ನೋಡಿಸಿ. ಮಟ್ಟಕ್ಕೆ ರಕ್ತ ಕೊಡುವುದು ಬೆಳಗಿನ ಗುಳಿಗೆಗೆ ಮುನ್ನ, ರಾತ್ರಿಯ ಡೋಸ್ ಆಗಿ 12 ಗಂಟೆಗೆ. ಗುಳಿಗೆ ನುಂಗಿ ಹೋದರೆ ಅಂಕಿಗೆ ಅರ್ಥವಿಲ್ಲ. ಓಆರ್‌ಎಸ್ ಒಂದು ಪೊಟ್ಟಣಕ್ಕೆ 1 ಲೀಟರ್ ಕುದಿಸಿ ಆರಿಸಿದ ನೀರು, ಲೋಟದ ಅಂದಾಜಲ್ಲ. ಮೈಕೊಫಿನೊಲೇಟ್‌ನಿಂದಲೂ ಭೇದಿಯಾಗುತ್ತದೆ. ಸೋಂಕೋ ಔಷಧಿಯೋ ಎಂಬುದನ್ನು ಪರೀಕ್ಷೆ ಹೇಳಲಿ.

ಕ್ಷಯದ ಬಗ್ಗೆ ಯಾಕೆ ಇಷ್ಟು ಪ್ರಶ್ನೆ ಕೇಳುತ್ತಾರೆ? ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯಲ್ಲಿ ಕ್ಷಯದ ರೋಗಾಣು ಮಲಗಿರುತ್ತದೆ. ಕಾವಲು ಸಡಿಲವಾದಾಗ ಎದ್ದೇಳುತ್ತದೆ. ಕಸಿಯಾದವರಲ್ಲಿ ಅದು ಶ್ವಾಸಕೋಶ ಬಿಟ್ಟು ಗಂಟು, ಬೆನ್ನುಮೂಳೆ, ಹೊಟ್ಟೆ, ಮಿದುಳಿನ ಪೊರೆಯಲ್ಲೂ ಕಾಣಿಸಿಕೊಳ್ಳುತ್ತದೆ, ಕೆಮ್ಮೇ ಇಲ್ಲದಿರಬಹುದು. ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿತ ಇದ್ದರೆ ಕೇಳಿ ಪರೀಕ್ಷೆ ಮಾಡಿಸಿ.

ಇಲ್ಲೊಂದು ಬಿಕ್ಕಟ್ಟಿದೆ. ಸರ್ಕಾರಿ ಕೇಂದ್ರದಲ್ಲಿ ಕ್ಷಯದ ಔಷಧಿ ಉಚಿತ, ಗುಣಮಟ್ಟವೂ ಒಳ್ಳೆಯದು. ಆದರೆ ಆ ಸಂಯುಕ್ತ ಗುಳಿಗೆಯಲ್ಲಿ ರಿಫಾಂಪಿಸಿನ್ ಇದೆ. ಅದು ಒಂದೆರಡು ವಾರದೊಳಗೆ ಟ್ಯಾಕ್ರೊಲಿಮಸ್ ಮಟ್ಟವನ್ನು ಪಾತಾಳಕ್ಕಿಳಿಸುತ್ತದೆ, ರಿಜೆಕ್ಷನ್ ಆಗುತ್ತದೆ. ಟ್ಯಾಕ್ರೊಲಿಮಸ್ ಹೆಚ್ಚಿಸಿ ವಾರವಾರ ಮಟ್ಟ ನೋಡುವುದು ಅಥವಾ ರಿಫಾಂಪಿಸಿನ್ ಬದಲು ರಿಫಾಬುಟಿನ್ ಕೊಡುವುದು ದಾರಿ. ಕೇಂದ್ರದ ಸಿಬ್ಬಂದಿಗೆ ಮೊದಲ ದಿನವೇ ‘ಕಿಡ್ನಿ ಕಸಿ ಆಗಿದೆ’ ಎಂದು ಹೇಳಿ, ಕಸಿ ಡಾಕ್ಟರಿಗೂ ಅವರಿಗೂ ಫೋನಿನಲ್ಲಿ ಮಾತು ಕೂಡಿಸಿ. ಕೋರ್ಸ್ ಮುಗಿದು ರಿಫಾಂಪಿಸಿನ್ ನಿಂತಾಗ ಮಟ್ಟ ಮತ್ತೆ ಮೇಲೇರುತ್ತದೆ. ಆ ದಿನವನ್ನೂ ಗುರುತು ಹಾಕಿಕೊಳ್ಳಿ.

ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ತುಂಬಿಡಲೇಬೇಕು. ಡೆಂಗಿ ಹೇಗೆ ತಡೆಯುವುದು?

ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಂದು ದಿನ ಡ್ರಮ್ಮು, ತೊಟ್ಟಿ ಪೂರ್ತಿ ಖಾಲಿ ಮಾಡಿ ಒಳಗೋಡೆಯನ್ನು ಗಸಗಸ ತಿಕ್ಕಿ, ಒಣಗಿಸಿ. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರೆ ಸಾಲದು. ಸಂಪಿನ ಮುಚ್ಚಳದ ಸಂದಿಗೆ ಬಟ್ಟೆ ತುರುಕಿ. ಫ್ರಿಜ್ಜಿನ ಹಿಂದಿನ ಟ್ರೇ ಮರೆಯಬೇಡಿ. ಈ ಸೊಳ್ಳೆ ಕಚ್ಚುವುದು ಹಗಲು, ರಾತ್ರಿಯ ಪರದೆಯೊಂದೇ ಸಾಲದು. ಶಿವಮೊಗ್ಗದ ಕಡೆ ಕಾಡಂಚಿನ ನೆಂಟರ ಮನೆಗೆ ಹೋಗುವವರು ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಉಣುಗನ್ನೂ ನೆನಪಿಡಿ.

ಹೊಲದ ಕೆಲಸಕ್ಕೆ ಯಾವಾಗ ಹೋಗಬಹುದು?

ಭಾರ ಎತ್ತುವ ಕೆಲಸ 3 ತಿಂಗಳು ಬೇಡ, ಹೊಲಿಗೆಯ ಕಾರಣಕ್ಕೆ. ಆಮೇಲೂ ಕೆಲವು ಕೆಲಸ ಬೇರೆಯವರಿಗೆ ಬಿಡಿ. ಮೆಕ್ಕೆಜೋಳ ಒಕ್ಕುವಾಗ ಏಳುವ ಧೂಳು, ಮುಗ್ಗಲು ಹಿಡಿದ ಶೇಂಗಾ ಹೊಟ್ಟು, ನೆನೆದ ಬಣವೆ, ತಿಪ್ಪೆ ಇವೆಲ್ಲ ಫಂಗಸ್ಸಿನ ಬೀಜದ ಮೂಟೆ. ಒಂದು ಉಸಿರಿನಲ್ಲಿ ಒಳಗೆ ಹೋಗುತ್ತದೆ. ಒಕ್ಕಣೆ ದಿನ ಕಣದ ಹತ್ತಿರವೇ ಹೋಗಬೇಡಿ, ಹೋಗಲೇಬೇಕಾದರೆ ಎನ್95 ಮಾಸ್ಕ್. ಟವೆಲ್ ಸುತ್ತಿಕೊಂಡರೆ ಪ್ರಯೋಜನವಿಲ್ಲ.

ಬರಿಗಾಲಲ್ಲಿ ಗದ್ದೆ, ತೋಟ ಬೇಡ. ಸ್ಟ್ರಾಂಜಿಲಾಯ್ಡಿಸ್ ಎಂಬ ಕೂದಲಿಗಿಂತ ಸಣ್ಣ ಹುಳು ಅಂಗಾಲಿನ ಚರ್ಮ ತೂರಿ ಒಳಗೆ ಸೇರುತ್ತದೆ. ಬೇರೆಯವರಲ್ಲಿ ಅದು ಸುಮ್ಮನಿರುತ್ತದೆ, ಸ್ಟಿರಾಯ್ಡ್ ತಗೊಳ್ಳುವವರಲ್ಲಿ ಮೈತುಂಬ ಹರಡಿ ಪ್ರಾಣಕ್ಕೇ ಬರಬಹುದು. ಕುರಿ ಈಯುವಾಗ ಕೈಹಾಕಬೇಡಿ. ಪಾರಿವಾಳದ ಹಿಕ್ಕೆ ಕೆರೆಯಬೇಡಿ. ಗಾಯವಾದರೆ ಸೋಪು ನೀರು, ಆಮೇಲೆ ಮುಚ್ಚಿದ ಪಟ್ಟಿ. ಮಣ್ಣು, ಸುಣ್ಣ, ಕಾಫಿಪುಡಿ ಅಲ್ಲ.

ಮಗುವಿಗೆ ‘ಅಮ್ಮ’ ಬಂದಿದೆ. ಮನೆಯಲ್ಲಿ ಕಸಿ ಆದವರಿದ್ದಾರೆ.

ಅಮ್ಮ, ಅಂದರೆ ಸೀತಾಳೆ ಸಿಡುಬು, ಬಂದಾಗ ಔಷಧಿ ಕೊಡಬಾರದು, ಬೇವಿನ ಸೊಪ್ಪು ಸಾಕು ಎಂಬ ನಡವಳಿಕೆ ಇದೆ. ಬೇವು ಇರಲಿ. ಆದರೆ ಕಸಿಯಾದವರನ್ನು ಅಂದೇ ಬೇರೆ ಮನೆಗೆ ಕಳಿಸಿ, ಅಂದೇ ಕಸಿ ತಂಡಕ್ಕೆ ಹೇಳಿ. ಹಿಂದೆ ಸೀತಾಳೆ ಸಿಡುಬು ಬಂದಿರದವರಿಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಅಥವಾ ವೈರಸ್ ಗುಳಿಗೆ ಬೇಕಾಗಬಹುದು. ಇಮ್ಯುನೊಗ್ಲಾಬ್ಯುಲಿನ್ ಮೊದಲ 4 ದಿನದಲ್ಲಿ ಕೊಟ್ಟರೆ ಉತ್ತಮ, 10 ದಿನ ದಾಟಿದರೆ ಉಪಯೋಗವಿಲ್ಲ.

ಅದೇ ವೈರಸ್ ಹಿಂದೆ ಸೀತಾಳೆ ಸಿಡುಬು ಬಂದಿದ್ದವರಲ್ಲಿ ಸರ್ಪಸುತ್ತಾಗಿ ಬರುತ್ತದೆ: ಮೈಯ ಒಂದೇ ಪಕ್ಕ, ಪಟ್ಟಿಯಂತೆ, ಉರಿಯುವ ಗುಳ್ಳೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಉರಿ ಶುರುವಾಗುತ್ತದೆ. 72 ಗಂಟೆಯೊಳಗೆ ಔಷಧಿ ಶುರುವಾಗಬೇಕು. ಕೆಮ್ಮಣ್ಣು ಹಚ್ಚಿಸಿಕೊಳ್ಳಲು ಹೋಗಿ ಆ ಮೂರು ದಿನ ಕಳೆಯಬೇಡಿ. ಕಣ್ಣಿನ ಹತ್ತಿರ ಬಂದರೆ ತಕ್ಷಣ ಆಸ್ಪತ್ರೆ.

ಯಾವ ಲಸಿಕೆ ಹಾಕಿಸಬಹುದು?

ಜೀವಂತ ಲಸಿಕೆ ಬೇಡ: ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಸೀತಾಳೆ ಸಿಡುಬು, ಬಾಯಿಗೆ ಹಾಕುವ ಪೋಲಿಯೊ, ಕ್ಷಯದ ಬಿಸಿಜಿ. ನಿರ್ಜೀವ ಲಸಿಕೆಗಳು ಬೇಕು: ಪ್ರತಿ ವರ್ಷ ಫ್ಲೂ, ನ್ಯುಮೊಕಾಕಲ್, ಹೆಪಟೈಟಿಸ್ ಬಿ, ಟೆಟನಸ್, ಸರ್ಪಸುತ್ತಿನ ಹೊಸ ರೀಕಾಂಬಿನಂಟ್ ಲಸಿಕೆ. ಫ್ಲೂ ಒಂದು ತಿಂಗಳ ನಂತರ ಆಗುತ್ತದೆ, ಉಳಿದವಕ್ಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಕಾಯುತ್ತಾರೆ. ಡಯಾಲಿಸಿಸ್ ಕಾಲದಲ್ಲೇ ಹಾಕಿಸಿಕೊಂಡಿದ್ದರೆ ಮೈ ಚೆನ್ನಾಗಿ ಸ್ಪಂದಿಸುತ್ತದೆ. ಕಸಿಗೆ ಕಾಯುತ್ತಿರುವವರು ಇದನ್ನು ಓದುತ್ತಿದ್ದರೆ ಈಗಲೇ ಕೇಳಿ.

ಮನೆಯ ಕೂಸಿನ ಲಸಿಕೆ ತಪ್ಪಿಸಬೇಡಿ. ಪೋಲಿಯೊಗೆ ಮಾತ್ರ ಬಾಯಿಯ ಹನಿಯ ಬದಲು ಇಂಜೆಕ್ಷನ್ ಲಸಿಕೆ ಕೊಡಿ ಎಂದು ಡಾಕ್ಟರನ್ನು ಕೇಳಿ. ಭೇದಿ ತಡೆಯುವ ರೋಟಾ ಹನಿ ಹಾಕಿಸಬಹುದು. ಆ ಹನಿಯ ವೈರಸ್ ಕೂಸಿನ ಮಲದಲ್ಲಿ ಕೆಲವು ವಾರ ಬರುತ್ತದೆ, ಆದ್ದರಿಂದ ಕನಿಷ್ಠ 4 ವಾರ ಕಸಿಯಾದ ಅಜ್ಜ, ಅಜ್ಜಿ ಲಂಗೋಟಿ ಬದಲಿಸುವ ಕೆಲಸದಿಂದ ದೂರ. ಎತ್ತಿ ಮುದ್ದಾಡಿ, ಕೈ ಸೋಪಿನಲ್ಲಿ ತೊಳೆಯಿರಿ.

ನಾಯಿ ಬರೀ ಪರಚಿದೆ. ರಕ್ತ ಬಂದಿಲ್ಲ.

ಹರಿಯುವ ನೀರು, ಸೋಪು, 15 ನಿಮಿಷ, ಗಡಿಯಾರ ನೋಡಿಕೊಂಡು. ರೇಬಿಸ್ ಲಸಿಕೆ ನಿರ್ಜೀವ, ನಿಮಗೆ ಸುರಕ್ಷಿತ. ಬೇರೆಯವರಿಗೆ ಇಂಥ ಸಣ್ಣ ಪರಚಿಗೆ ಬರೀ ಲಸಿಕೆ ಸಾಕು, ನಿಮಗೆ ಇಮ್ಯುನೊಗ್ಲಾಬ್ಯುಲಿನ್ ಸಹ ಬೇಕು. ‘ನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ತೀನಿ’ ಎಂದು ಬಾಯಿಬಿಟ್ಟು ಹೇಳಿ. ಕೋಟೆ ನೋಡಲು ಹೋದಾಗ ಕೋತಿ ಪರಚಿದರೂ ಇದೇ ನಿಯಮ.

ಜಾತ್ರೆ, ಮದುವೆ?

ಮೊದಲ 3ರಿಂದ 6 ತಿಂಗಳು ಬೇಡ. ಆಮೇಲೆ, ಬಯಲಿನಲ್ಲಿ, ಜನ ಕಡಿಮೆ ಇರುವ ಹೊತ್ತು ನೋಡಿ, ಮಾಸ್ಕ್ ಹಾಕಿ ಹೋಗಬಹುದು. ನಾಯಕನಹಟ್ಟಿ ತೇರಿಗೆ ಹೋಗುವ ಮನಸ್ಸಿದ್ದರೆ ರಥೋತ್ಸವದ ದಿನದ ನೂಕುನುಗ್ಗಲು, ಕೊಬ್ಬರಿ ಸುಡುವ ಹೊಗೆ ಬಿಟ್ಟು ಬೇರೆ ದಿನ ತಿಪ್ಪೇರುದ್ರಸ್ವಾಮಿಯ ದರ್ಶನ ಮಾಡಿಕೊಂಡು ಬನ್ನಿ. ಮದುವೆಯಲ್ಲಿ ಅಕ್ಷತೆ ಹಾಕಿ, ಮನೆಯಲ್ಲಿ ಉಣ್ಣಿ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು ನಿಮ್ಮ ಕಣ್ಣೆದುರೇ ಬಿಚ್ಚಲಿ.

ಸೋಂಕು ಬಂದಾಗ ಕಸಿಯ ಗುಳಿಗೆ ನಿಲ್ಲಿಸಿದರೆ ಬೇಗ ವಾಸಿ ಆಗುತ್ತದಲ್ಲ?

ಕೆಲವೊಮ್ಮೆ ಡಾಕ್ಟರು ಮೈಕೊಫಿನೊಲೇಟ್ ಕಡಿಮೆ ಮಾಡುತ್ತಾರೆ ಅಥವಾ ಕೆಲವು ದಿನ ನಿಲ್ಲಿಸುತ್ತಾರೆ. ಎಷ್ಟು, ಎಷ್ಟು ದಿನ, ಮತ್ತೆ ಯಾವಾಗ ಎಂಬುದನ್ನು ರಕ್ತ ಪರೀಕ್ಷೆ ನೋಡುತ್ತಾ ತೀರ್ಮಾನಿಸುತ್ತಾರೆ. ಹೋದ ಸಲ ಹೀಗೇ ನಿಲ್ಲಿಸಿದ್ದರು ಎಂದು ಈ ಸಲ ನೀವೇ ನಿಲ್ಲಿಸಬಾರದು. ಪ್ರೆಡ್ನಿಸೊಲೋನ್ ಅಂತೂ ಒಂದು ದಿನವೂ ತಪ್ಪಬಾರದು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಸಿಕ್ಕಿ ಮೈ ತನ್ನದನ್ನು ತಯಾರಿಸುವುದು ನಿಲ್ಲಿಸಿರುತ್ತದೆ. ಸೋಂಕಿನ ಹೊತ್ತಿನಲ್ಲಿ ಅದು ಇಲ್ಲವಾದರೆ ಬಿಪಿ ಕುಸಿಯುತ್ತದೆ. ಗುಳಿಗೆ ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ನುಂಗಬೇಕೇ ಎಂದು ಫೋನಿನಲ್ಲಿ ಕೇಳಿ. ನುಂಗಿದ್ದು ನಿಲ್ಲುತ್ತಲೇ ಇಲ್ಲವಾದರೆ ಆಸ್ಪತ್ರೆಗೆ ಸೇರಿ, ಸ್ಟಿರಾಯ್ಡ್ ಅನ್ನು ಇಂಜೆಕ್ಷನ್ನಿನಲ್ಲಿ ಕೊಡುತ್ತಾರೆ. ಹೋಗುವಾಗ ನೋಟ್‌ಬುಕ್ಕು, ಗುಳಿಗೆಯ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ. ಟ್ಯಾಕ್ರೊಲಿಮಸ್ ಎಲ್ಲ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ನಿಮ್ಮ ಕಂಪನಿಯದ್ದೇ ಸಿಗಲಿಕ್ಕಿಲ್ಲ.